ಸರಾಸರಿ ಲೆಕ್ಕ ಕಂಡರೆ ಕೈ ನಡುಗುತ್ತದೆ

ಪ್ರಶ್ನೆ: ನಾನು ಸವದತ್ತಿ ತಾಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಗ್ರಾಮೀಣ ಬ್ಯಾಂಕ್ ಪರೀಕ್ಷೆಗಾಗಿ ಧಾರವಾಡದಲ್ಲಿ ಕೋಚಿಂಗ್‌ಗೆ ಹೋಗುತ್ತಿದ್ದೇನೆ. ಅನುಪಾತ ಕೊಟ್ಟು ಸರಾಸರಿ ಕೇಳುವ ಲೆಕ್ಕ ಬಂದರೆ ತಲೆಯೇ ಓಡುವುದಿಲ್ಲ. ಪಕ್ಕದಲ್ಲಿ ಕೂತವರು ಅಡ್ಡಗೆರೆ ಎಳೆದು ಕ್ಷಣದಲ್ಲಿ ಉತ್ತರ ಹೇಳುತ್ತಾರೆ. ಅಪ್ಪ ಕಡಲೆ ಮಾರಿದ ದುಡ್ಡಿನಲ್ಲಿ ಫೀ ಕಟ್ಟಿದ್ದಾರೆ. ನಾನು ಅಷ್ಟು ದಡ್ಡಿಯೇ?

ಉತ್ತರ: ಅಲ್ಲ. ಅಪ್ಪನ ದುಡ್ಡು ನೀರಿನಲ್ಲಿ ಹೋಮವಾದೀತೆಂಬ ಅಂಜಿಕೆ ನಿಮ್ಮನ್ನು ಲೆಕ್ಕಕ್ಕಿಂತ ಹೆಚ್ಚು ಕಾಡುತ್ತಿದೆ. ಅಂಜಿಕೆ ಹೊತ್ತು ಕೂತರೆ ಗೊತ್ತಿದ್ದದ್ದೂ ಮರೆಯುತ್ತದೆ. ಹೀಗಾಗುವುದು ನಿಮಗೊಬ್ಬರಿಗೇ ಅಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗದಲ್ಲಿ ಇದನ್ನು ಓದುತ್ತಿರುವ ಎಷ್ಟೋ ಮಕ್ಕಳ ಪಾಡೂ ಇದೇ ಇರಬಹುದು.

ಕನ್ನಡ ಮಾಧ್ಯಮವೆಂಬ ಅಳುಕನ್ನು ಮೊದಲು ಬಿಡಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಬೇರೆ ಬೇರೆ ಗುಣಮಟ್ಟದ ಚಿನ್ನ ಬೆರೆಸುವ ಲೆಕ್ಕಗಳಿವೆ. ನಿಮ್ಮನ್ನು ಹೆದರಿಸುವ ಲೆಕ್ಕವೂ ಅದೇ ಜಾತಿಯದು. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂದು ಕೇಂದ್ರ ಸರ್ಕಾರ 2019ರಲ್ಲೇ ಪ್ರಕಟಿಸಿತು.

ಈಗ ಅಪ್ಪನ ಕಡಲೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಬೈಲಹೊಂಗಲದ ದಲಾಲಿ ಅಂಗಡಿಯಲ್ಲಿ 30 ಕ್ವಿಂಟಲ್ 6,000 ರೂಪಾಯಿ ದರಕ್ಕೆ, 10 ಕ್ವಿಂಟಲ್ 5,600ಕ್ಕೆ ಹೋಯಿತು ಎನ್ನಿ. ಸರಾಸರಿ ದರ 5,800 ಎಂದರೆ ಅಪ್ಪ ಒಪ್ಪುತ್ತಾರೆಯೇ? ಇಲ್ಲ. ಹೆಚ್ಚು ಮಾಲು ಹೋದದ್ದು 6,000ಕ್ಕೆ, ಹಾಗಾಗಿ ಸರಾಸರಿಯೂ ಆ ಕಡೆಗೇ ವಾಲಬೇಕು. ಮಾಲಿನ ಅನುಪಾತ 3:1, ಒಟ್ಟು ನಾಲ್ಕು ಪಾಲು. ದರಗಳ ಅಂತರ 400, ಪಾಲಿಗೆ 100. 5,600ರಿಂದ ಮೂರು ಪಾಲು ಮೇಲೇರಿದರೆ 5,900. ಒಟ್ಟು ಹಣ 2,36,000 ರೂಪಾಯಿಯನ್ನು 40 ಕ್ವಿಂಟಲಿಗೆ ಹಂಚಿ ನೋಡಿ, ಅದೇ ಬರುತ್ತದೆ.

ಪಕ್ಕದಲ್ಲಿ ಕೂತವರ ಅಡ್ಡಗೆರೆ ಇದನ್ನೇ ತಿರುಗಿಸಿ ಕೇಳುತ್ತದೆ. ಸರಾಸರಿ 5,900 ಎಂದು ಕೊಟ್ಟು ಮಾಲಿನ ಅನುಪಾತ ಕೇಳಿದರೆ ದೂರ ಅಳೆಯಿರಿ: 6,000ಕ್ಕೆ 100, 5,600ಕ್ಕೆ 300. ಹತ್ತಿರ ಇರುವ ದರದ ಮಾಲೇ ಹೆಚ್ಚು. ಆದ್ದರಿಂದ ದೂರಗಳನ್ನು ಅದಲುಬದಲು ಮಾಡಿ ಬರೆದರೆ 300:100, ಅಂದರೆ 3:1. ಅರ್ಥ ತಿಳಿದ ಮೇಲೆ ಗೆರೆಯನ್ನು ಬಾಯಿಪಾಠ ಮಾಡಬೇಕಿಲ್ಲ.

ಇನ್ನು ನಾಲ್ಕು ಮಾತು ಪಾಲಿಸಿ.

ಒಂದು, ಪೆನ್ನು ಎತ್ತುವ ಮೊದಲು ಉತ್ತರ ಯಾವ ಕಡೆಗೆ ವಾಲುತ್ತದೆಂದು ಊಹಿಸಿ. ಅರ್ಧದಷ್ಟು ತಪ್ಪು ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ.

ಎರಡು, ಎರಡು ವಾರ ಗಡಿಯಾರ ನೋಡದೆ ದಿನಕ್ಕೆ ಐದೇ ಲೆಕ್ಕ ಬಿಡಿಸಿ. ವೇಗ ಆಮೇಲೆ ಬರುತ್ತದೆ.

ಮೂರು, ಪರೀಕ್ಷೆಯಲ್ಲಿ ದಾರಿ ತೋಚದಿದ್ದರೆ ಆ ಲೆಕ್ಕ ಬಿಟ್ಟು ಮುಂದೆ ಹೋಗಿ. ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲು ಭಾಗ ಅಂಕ ಕಳೆಯುತ್ತಾರೆ, ಬಿಟ್ಟದ್ದಕ್ಕೆ ಏನೂ ಕಳೆಯುವುದಿಲ್ಲ. ಬಿಡುವುದೂ ಜಾಣತನವೇ.

ನಾಲ್ಕು, ಮುಂದಿನ ಸಲ ಊರಿಗೆ ಹೋದಾಗ ಎಲ್ಲಿ ಕಷ್ಟವಾಗುತ್ತಿದೆ ಎಂದು ಅಪ್ಪನಿಗೇ ಹೇಳಿ. ಮುಚ್ಚಿಟ್ಟಷ್ಟೂ ಅಂಜಿಕೆ ಬೆಳೆಯುತ್ತದೆ. ಹಿಂದೆ ಕಲಿಸಿದ ಹೈಸ್ಕೂಲಿನ ಗಣಿತದ ಗುರುಗಳನ್ನೂ ಕೇಳಿ, ನಾಚಿಕೆ ಬೇಡ.

ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ ಕಾಯಬೇಡಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ನೀವಿರುವ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯೂ ಇದೆ.

ಇದನ್ನು ಓದುವ ಅಪ್ಪ-ಅವ್ವಂದಿರಲ್ಲಿ ಒಂದು ವಿನಂತಿ: ಫೋನ್ ಮಾಡಿದಾಗ ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು ಊಟ ಆಯಿತೇ ಎಂದು ಕೇಳಿ. ಪ್ರಶ್ನೆ ಕೇಳಿದ ನಿಮಗೆ ಹೇಳುವುದಿಷ್ಟು, ಇವತ್ತು ಐದು ಲೆಕ್ಕ ಹಿಡಿದು ಕೂರಿ. ಐದರಲ್ಲಿ ಎರಡು ಸರಿಯಾದರೂ ಅದು ಒಳ್ಳೆಯ ಆರಂಭವೇ.