‘ಸೆಟ್’ ಒಂದು, ಅರ್ಥ ನೂರಾರು

ಪ್ರಶ್ನೆ: ಸಿಮೆಂಟ್ ಸೆಟ್ ಆಗುತ್ತದೆ, ಇಂಗ್ಲಿಷಿನಲ್ಲಿ ಸೂರ್ಯನೂ ಸೆಟ್ ಆಗುತ್ತಾನೆ. ಸಿನಿಮಾ ಸೆಟ್, ಪುಸ್ತಕದ ಸೆಟ್, ಸೆಟ್ ದೋಸೆ ಬೇರೆ. ಇವೆಲ್ಲ ಒಂದೇ ಪದವೇ?
– ಓದುಗರು, ಹಾಸನ

ಉತ್ತರ: ನೋಡಲು ಒಂದು, ಮೂಲ ಎರಡು. ಕ್ರಿಯಾಪದ ಬಂದದ್ದು ಹಳೆಯ ಇಂಗ್ಲಿಷಿನ ‘ಸೆಟ್ಟನ್’ನಿಂದ. ನಮ್ಮ ‘ಕೂರು’ವಿಗೆ ‘ಕೂರಿಸು’ ಹೇಗೋ, ‘ಸಿಟ್’ಗೆ ‘ಸೆಟ್’ ಹಾಗೆ. ಕೂರಿಸುವುದರಿಂದ ಇಡು, ನೆಡು, ಜೋಡಿಸು, ನಿಗದಿಮಾಡು ಎಂಬ ಅರ್ಥಗಳು ಕವಲೊಡೆದವು. ಕದಲದೆ ಕೂತದ್ದು ಗಟ್ಟಿಯಾಗುತ್ತದೆ. ಸಿಮೆಂಟ್ ಸೆಟ್ ಆಗುವುದು ಹೀಗೆ. ಸೂರ್ಯ ಕೆಳಗಿಳಿದು ಕೂರುತ್ತಾನೆ. ಸಿನಿಮಾ ಸೆಟ್ ಕೂಡ ನಿಲ್ಲಿಸಿ ಜೋಡಿಸಿದ್ದೇ.

‘ಗುಂಪು’ ಎಂಬ ಅರ್ಥದ ಸೆಟ್ ಬೇರೆ ಮನೆಯದು. ಲ್ಯಾಟಿನ್ನಿನ ‘ಸೆಕ್ಟ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಹೀಗಾಯಿತು. ಪಂಥ ಎಂಬರ್ಥದ ‘ಸೆಕ್ಟ್’ ಇದರ ದಾಯಾದಿ. ಪುಸ್ತಕದ ಸೆಟ್ಟೂ ತಟ್ಟೆಗೆ ಎರಡು ಮೂರು ಒಟ್ಟಿಗೆ ಬೀಳುವ ಸೆಟ್ ದೋಸೆಯೂ ಈ ಕಡೆಯವು. ಉಚ್ಚಾರಣೆ ಒಂದೇ ಆದ್ದರಿಂದ ಎರಡೂ ಪದಗಳು ಕ್ರಮೇಣ ಬೆರೆತುಹೋದವು.

ಪ್ರಶ್ನೆ: ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ ಇದೇ ಅಂತೆ, ನಿಜವೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಜವಾಗಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ವಿವರಣೆಯೇ ಸುಮಾರು 60,000 ಪದಗಳಷ್ಟು. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ ಮುಂದೆ ಹೋಯಿತು. ಅದರ ಕ್ರಿಯಾಪದ ರೂಪಕ್ಕೇ 645 ಅರ್ಥ. ಸಂಪಾದಕ ಪೀಟರ್ ಗಿಲಿವರ್ ಆ ಒಂದು ಪದಕ್ಕೆ ಒಂಬತ್ತು ತಿಂಗಳು ದುಡಿದರು. ಕಾಲಿದ್ದವರಷ್ಟೇ ಅಲ್ಲ, ರೈಲು, ಕಾರ್ಖಾನೆ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲವೂ ಇಂಗ್ಲಿಷಿನಲ್ಲಿ ‘ರನ್’ ಆಗುತ್ತವಲ್ಲ!

ಪ್ರಶ್ನೆ: ಅನುವಾದ ಮಾಡುವಾಗ ‘ಸೆಟ್’ ಬಂದರೆ ಯಾವ ಕನ್ನಡ ಪದ ಹಾಕಲಿ?
– ಶಿಕ್ಷಕರು, ಶಿರಸಿ

ಉತ್ತರ: ಯಾವುದೋ ಒಂದನ್ನು ಖಾಯಂ ಮಾಡಿಕೊಳ್ಳಬೇಡಿ. ಜತೆಗಿರುವ ನಾಮಪದವನ್ನು ನೋಡಿ. ಬೆಂಕಿಯಾದರೆ ಹಚ್ಚು, ಅಲಾರಾಂ ಆದರೆ ಇಡು, ಮುರಿದ ಮೂಳೆಯಾದರೆ ಕೂಡಿಸು, ದಿನಾಂಕವಾದರೆ ಗೊತ್ತುಮಾಡು. ಸೂರ್ಯ ಮುಳುಗುತ್ತಾನೆ, ಮೊಸರು ಹೆಪ್ಪುಗಟ್ಟುತ್ತದೆ. ಗಣಿತದ ಸೆಟ್ಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಗಣ’ ನೆಲೆಯಾಗಿದೆ.

ಕನ್ನಡವೇನೂ ಕಡಿಮೆಯಿಲ್ಲ. ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ, ಕಥೆ ಕಟ್ಟುತ್ತೇವೆ. ನೆಗಡಿಯಾದರೆ ಮೂಗು ಕಟ್ಟುತ್ತದೆ. ಇವನ್ನು ಇಂಗ್ಲಿಷಿಗೆ ಒಯ್ಯಲು ಒಂದೇ ಕ್ರಿಯಾಪದ ಸಾಲದು. ಮಕ್ಕಳಿಗೆ ಬಿಡಿ ಪದದ ಅರ್ಥ ಬರೆಸುವ ಬದಲು ಇಡೀ ವಾಕ್ಯ ಕೊಟ್ಟು ಅರ್ಥ ಕೇಳಿ. ನಿಘಂಟು ತೆರೆದಾಗಲೂ ಮೊದಲ ಅರ್ಥಕ್ಕೇ ನಿಲ್ಲದೆ ಕೆಳಗಿನ ಉದಾಹರಣೆಗಳವರೆಗೆ ಓದಿಸಿ.