ಸರೋವರಗಳ ನಾಡಿನಲ್ಲಿ ಶಿಬಿರವಾಸ

ವಾಚಕರು ಉತ್ತರ ಅಮೇರಿಕಾ ಖಂಡದ ಭೂಪಟವನ್ನು ಎದುರಿಗೆ ಹರಡಿಕೊಂಡು, ಸುಪೀರಿಯರ್ ಎಂಬ ಮಹಾಸರೋವರದ ಪಶ್ಚಿಮ ತುದಿಯಿಂದ ಉತ್ತರಕ್ಕೆ ಬೆರಳನ್ನು ಸರಿಸಿದರೆ, ಸಂಯುಕ್ತ ಸಂಸ್ಥಾನಗಳಿಗೂ ಕೆನಡಾ ದೇಶಕ್ಕೂ ನಡುವಣ ಗಡಿರೇಖೆಯು ನೆಲವನ್ನು ಬಿಟ್ಟು ನೀರಿನ ಮೇಲೆಯೇ ಸಾಗುವ ಒಂದು ಪ್ರದೇಶವನ್ನು ಕಾಣುವರು. ಇದಕ್ಕೆ ಬೌಂಡರಿ ವಾಟರ್ಸ್, ಅಂದರೆ ಗಡಿಯ ನೀರುಗಳು, ಎಂದು ಹೆಸರು. ಗಡಿಯ ದಕ್ಷಿಣಕ್ಕೆ ಮಿನ್ನೆಸೋಟ ಸಂಸ್ಥಾನದ ಸುಪೀರಿಯರ್ ರಾಷ್ಟ್ರೀಯ ಅರಣ್ಯವೂ, ಉತ್ತರಕ್ಕೆ ಒಂಟೇರಿಯೋ ಪ್ರಾಂತ್ಯದ ಕ್ವೆಟಿಕೋ ವನವೂ ಇವೆ. ಎರಡನ್ನೂ 1909ನೆಯ ಇಸವಿಯಲ್ಲಿ ಸರಕಾರಗಳು ಕಾದಿರಿಸಿದವು. ದಕ್ಷಿಣದ ಭಾಗವೊಂದರಲ್ಲಿಯೇ ಹತ್ತು ಲಕ್ಷ ಎಕರೆಗೂ ಮೀರಿದ ಕಾಡೂ ಸಾವಿರಕ್ಕೂ ಹೆಚ್ಚು ಸರೋವರಗಳೂ ಉಂಟು.

ಅಲ್ಲಿಯ ಬಂಡೆಗಳು ನಮ್ಮ ಧಾರವಾಡ ಸೀಮೆಯ ಬಂಡೆಗಳ ಹಾಗೆ 250 ಕೋಟಿ ವರುಷಗಳಿಗೂ ಹಿಂದಿನವು. ಒಂದೇ ಕಾಲದ ಕಲ್ಲಾದರೂ ಅದೃಷ್ಟ ಮಾತ್ರ ಬೇರೆ. ಉತ್ತರದಲ್ಲಿ ಮೈಲಿಗಟ್ಟಲೆ ದಪ್ಪದ ಹಿಮರಾಶಿಯು ಆ ಬಂಡೆಯನ್ನು ಉಜ್ಜಿ ತೋಡಿ, ಸುಮಾರು 10,000 ವರುಷಗಳ ಹಿಂದೆ ಕರಗಿ ಹಿಂದೆ ಸರಿದಾಗ, ತೋಡಿದ ಕುಳಿಗಳಲ್ಲೆಲ್ಲಾ ನೀರು ನಿಂತಿತು. ನಮಗೆ ಆ ಉಪಕಾರವಾಗಲಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಮಣ್ಣು ಹೊತ್ತು ಕೆರೆಗಳನ್ನು ಕಟ್ಟಬೇಕಾಯಿತು.

ಇಷ್ಟು ದೂರದ ಸೀಮೆಯ ಸಂಗತಿಯನ್ನು ನಮ್ಮ ಶಾಲೆಯ ಸಂಚಿಕೆಯಲ್ಲಿ ಬರೆಯುವುದೇಕೆಂದು ತಾಯಿತಂದೆಗಳು ಕೇಳಬಹುದು. ಪ್ರತಿವರುಷವೂ ಗೈಡ್ ದಳದ ಶಿಬಿರಕ್ಕಾಗಿ ಒಪ್ಪಿಗೆಪತ್ರಗಳನ್ನು ಮನೆಗಳಿಗೆ ಕಳುಹಿಸಿದಾಗ, ಅವುಗಳಲ್ಲಿ ಕೆಲವು ರುಜುವಿಲ್ಲದೆ ಮರಳಿ ಬರುತ್ತವೆ. ಹೆಣ್ಣುಮಗಳು, ಕಾಡುಮೇಡು, ರಾತ್ರಿಯ ಹೊತ್ತು ಎಂಬ ಮಾತುಗಳು ಅವುಗಳ ಅಂಚಿನಲ್ಲಿರುತ್ತವೆ. ಈ ಭಯವನ್ನು ನಾನು ಹಗುರವಾಗಿ ಎಣಿಸುವವಳಲ್ಲ. ಆದರೆ ಭಯಕ್ಕೆ ತಕ್ಕ ಉತ್ತರವು ಮುಚ್ಚಿದ ಬಾಗಿಲೋ ತಕ್ಕ ಶಿಕ್ಷಣವೋ ಎಂಬುದನ್ನು ತೀರ್ಮಾನಿಸುವುದಕ್ಕೆ ಮುಂಚೆ, ಶಿಬಿರವಾಸವು ನೂರು ವರುಷಗಳಿಂದ ಬೆಳೆದು ಕ್ರಮಗೊಂಡ ಒಂದು ನಾಡನ್ನು ನೋಡುವುದು ಒಳ್ಳೆಯದು.

ಆ ನಾಡಿನೊಳಗೆ ರಸ್ತೆಯಿಲ್ಲ. ಈಲಿ ಎಂಬ ಸಣ್ಣ ಪಟ್ಟಣದಲ್ಲಿಯೋ ಅಂಥ ಬೇರೊಂದು ಊರಿನಲ್ಲಿಯೋ ವಾಹನವನ್ನು ಬಿಟ್ಟ ಮೇಲೆ, ಕನೂ ಎಂಬ ಉದ್ದನೆಯ ಹಗುರವಾದ ದೋಣಿಯೇ ಗತಿ. ಈ ದೋಣಿಯನ್ನು ಲೋಕಕ್ಕೆ ಕೊಟ್ಟವರು ಅಲ್ಲಿಯ ಮೂಲನಿವಾಸಿಗಳು. ಗಡಿಯ ನೀರುಗಳಲ್ಲಿ ನೆಲೆಸಿದ ಓಜಿಬ್ವೆ ಜನರು ಭೂರ್ಜವೃಕ್ಷದ ತೊಗಟೆಯನ್ನು ಸುಲಿದು, ಸ್ಪ್ರೂಸ್ ಮರದ ಬೇರುಗಳಿಂದ ಹೊಲಿದು, ಹೊಲಿಗೆಗೆ ಅದೇ ಮರದ ಅಂಟನ್ನು ಮೆತ್ತಿ ನೀರು ನುಸುಳದಂತೆ ಮಾಡುತ್ತಿದ್ದರು. ಹೊಲಿಗೆಯೂ ಅಂಟು ಮೆತ್ತುವುದೂ ಹೆಚ್ಚಾಗಿ ಹೆಂಗಸರ ಕೆಲಸವಾಗಿತ್ತು. ಅವರು ಮನೂಮಿನ್ ಎಂದು ಕರೆಯುವ ಕಾಡುಧಾನ್ಯವು ಆಳವಿಲ್ಲದ ನೀರಿನಲ್ಲಿ ಬೆಳೆಯುವ ಒಂದು ಹುಲ್ಲಿನ ಕಾಳು. ಬೇಸಗೆಯ ಕೊನೆಯಲ್ಲಿ ಇಬ್ಬರು ದೋಣಿಯಲ್ಲಿ ಹೋಗಿ, ಒಬ್ಬರು ದೋಣಿಯನ್ನು ನೂಕುತ್ತಿರಲು ಇನ್ನೊಬ್ಬರು ತೆನೆಗಳನ್ನು ಎರಡು ಕೋಲುಗಳಿಂದ ಬಾಗಿಸಿ ಮೆಲ್ಲನೆ ತಟ್ಟಿ ಕಾಳನ್ನು ದೋಣಿಯೊಳಗೇ ಉದುರಿಸಿಕೊಳ್ಳುವರು. 1854ರ ಒಪ್ಪಂದದಿಂದ ಈ ನೆಲವು ಅವರ ಕೈಬಿಟ್ಟಿತಾದರೂ, ಬೇಟೆಯ ಮತ್ತು ಮೀನುಗಾರಿಕೆಯ ಹಕ್ಕುಗಳನ್ನು ಅವರು ಉಳಿಸಿಕೊಂಡರು. ವಿಹಾರಕ್ಕಾಗಿ ಬರುವವರು ಇದನ್ನು ನಿರ್ಜನವಾದ ಕಾಡೆಂದು ವರ್ಣಿಸುವುದುಂಟು. ಆ ಮಾತು ಇತಿಹಾಸವನ್ನು ಓದದವರ ಮಾತು.

ಒಂದು ಸರೋವರವು ಮುಗಿದು ಇನ್ನೊಂದು ಆರಂಭವಾಗುವ ತನಕ ನಡುವೆ ನೆಲವಿರುವುದಷ್ಟೆ. ಅಲ್ಲಿ ದೋಣಿಯನ್ನೂ ಸಾಮಾನನ್ನೂ ಹೊತ್ತುಕೊಂಡೇ ನಡೆಯಬೇಕು. ಇದಕ್ಕೆ ಪೋರ್ಟೇಜ್ ಎನ್ನುವರು. ಅದರ ಅಳತೆಯು ಇಂದಿಗೂ ರಾಡ್ ಎಂಬ ಹಳೆಯ ಮಾನದಲ್ಲಿ ಹೇಳಲ್ಪಡುವುದು. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ, ಹೆಚ್ಚುಕಡಮೆ ಒಂದು ದೋಣಿಯ ಉದ್ದ. 320 ರಾಡುಗಳಿಗೆ ಒಂದು ಮೈಲು. ಹಿಂದೆ ತುಪ್ಪಳದ ವ್ಯಾಪಾರಕ್ಕಾಗಿ ಈ ದಾರಿಯಲ್ಲಿ ಸಂಚರಿಸುತ್ತಿದ್ದ ಫ್ರೆಂಚ್ ಕೆನಡಿಯನ್ ದೋಣಿಗಾರರು 90 ರಾತ್ತಲಿನ ಎರಡು ಮೂಟೆಗಳನ್ನು ಒಂದೇ ಸಲ ಬೆನ್ನಿಗೇರಿಸುತ್ತಿದ್ದರು. ಈಗಿನವರಿಗೆ ಅಷ್ಟು ಕಷ್ಟವಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ವಿಮಾನದ ಕಾರಖಾನೆಯೊಂದು ಅಲ್ಯೂಮಿನಿಯಂ ತಗಡಿನಿಂದ ಮಾಡತೊಡಗಿದ ದೋಣಿಯು ಸುಮಾರು 70 ರಾತ್ತಲು ತೂಗುತ್ತಿತ್ತು. ಇಂದು ಕೃತಕ ನೂಲಿನ ದೋಣಿಗಳು 40ರ ಆಸುಪಾಸಿಗೆ ಇಳಿದಿವೆ. ನೊಗದಂಥ ಅಡ್ಡಮರವನ್ನು ಹೆಗಲಿಗೆ ಕೊಟ್ಟು, ದೋಣಿಯನ್ನು ಬೋರಲಾಗಿ ತಲೆಯ ಮೇಲಿಟ್ಟುಕೊಂಡು, ಹದಿನಾರು ವರುಷದ ಹುಡುಗಿಯೊಬ್ಬಳು ಕಲ್ಲುದಾರಿಯಲ್ಲಿ ನಡೆದುಹೋಗುವುದು ಅಲ್ಲಿ ಯಾರೂ ತಿರುಗಿ ನೋಡುವಂಥ ನೋಟವಲ್ಲ.

ಶಿಬಿರವಾಸದ ಸಮಸ್ತ ಶಿಕ್ಷಣವೂ ಈ ಹೊರೆಯೊಳಗೆ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಬೇಕು ಎಂದು ತೋರುವ ಪದಾರ್ಥವು ಹೆಗಲ ಮೇಲೆ ಬಂದಾಗ ಬೇಕೋ ಬೇಡವೋ ಎಂಬುದು ಕೂಡಲೆ ತಿಳಿಯುವುದು. ಒಬ್ಬಳು ಎರಡನೆಯ ಜೊತೆ ಪಾದರಕ್ಷೆಯನ್ನು ಕಟ್ಟಿಕೊಂಡು ಬಂದರೆ, ಅದರ ಭಾರವು ಅವಳ ಬೆನ್ನಿಗೆ ಮಾತ್ರವಲ್ಲದೆ ಅವಳಿಗಾಗಿ ಕಾದು ನಿಲ್ಲುವ ಗೆಳತಿಯರಿಗೂ ತಟ್ಟುವುದು. ಯಾವ ಉಪಾಧ್ಯಾಯಿನಿಯ ಬುದ್ಧಿವಾದಕ್ಕೂ ಇಷ್ಟು ಬೇಗನೆ ಫಲ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಕಾಡಿನಲ್ಲಿ ನಿಯಮಗಳಿಲ್ಲವೆಂದು ಎಣಿಸುವವರು ಅಲ್ಲಿಯ ಕಟ್ಟಳೆಗಳನ್ನು ನೋಡಿದರೆ ಬೆರಗಾಗುವರು. ಮೇ ಮೊದಲ ತಾರೀಖಿನಿಂದ ಸಪ್ಟಂಬರ್ ಕೊನೆಯ ವರೆಗೆ, ಪ್ರತಿಯೊಂದು ಪ್ರವೇಶದ್ವಾರದಿಂದಲೂ ದಿನಕ್ಕೆ ಇಂತಿಷ್ಟೇ ತಂಡಗಳಿಗೆ ರಹದಾರಿ ಕೊಡುವರು. ಒಂದು ತಂಡದಲ್ಲಿ ಒಂಬತ್ತು ಜನಕ್ಕೆ ಮೀರಬಾರದು, ನಾಲ್ಕು ದೋಣಿಗಳಿಗೆ ಮೀರಬಾರದು. ಡಬ್ಬಿಯ ಆಹಾರವನ್ನೂ ಗಾಜಿನ ಸೀಸೆಗಳನ್ನೂ ಒಯ್ಯಕೂಡದು. ಗುರುತು ಮಾಡಿದ ಬೀಡುಗಳಲ್ಲಿಯೇ ಗುಡಾರವನ್ನು ಹೂಡಬೇಕು; ಅಲ್ಲಿ ನೆಟ್ಟಿರುವ ಕಬ್ಬಿಣದ ಜಾಲರಿಯೊಳಗಲ್ಲದೆ ಬೇರೆಡೆ ಬೆಂಕಿ ಕೂಡದು. ನಿಂತ ಮರದ ಒಂದು ಕೊಂಬೆಯನ್ನೂ ಕಡಿಯಬಾರದು. ಪಾತ್ರೆ ತೊಳೆದ ನೀರನ್ನು ಸರೋವರಕ್ಕೆ ಚೆಲ್ಲದೆ, ದಡದಿಂದ ಎಂಬತ್ತು ಹೆಜ್ಜೆಯಾದರೂ ಒಳಕ್ಕೆ ಹೋಗಿ ಚೆಲ್ಲಬೇಕು. ಒಳಗೆ ತೆಗೆದುಕೊಂಡು ಹೋದುದೆಲ್ಲವೂ, ಮಿಠಾಯಿಯ ಕಾಗದದ ಚೂರು ಸಹಿತವಾಗಿ, ಹೊರಕ್ಕೆ ಹೊತ್ತುಕೊಂಡು ಬರಬೇಕು. ನಮ್ಮ ಜಾತ್ರೆ, ವನಭೋಜನಗಳ ಮರುದಿನ ಆ ಸ್ಥಳಗಳನ್ನು ಕಂಡವರು ಈ ಕೊನೆಯ ಕಟ್ಟಳೆಯನ್ನು ಎರಡು ಸಾರಿ ಓದಬೇಕೆಂದು ಬೇಡುತ್ತೇನೆ.

ಇನ್ನು ಅಪಾಯಗಳ ವಿಷಯ. ಕರಡಿಯನ್ನು ಕುರಿತು ಎಲ್ಲರೂ ಮೊದಲು ಕೇಳುವರು. ಅಲ್ಲಿರುವುದು ಕಪ್ಪು ಕರಡಿ; ಅದಕ್ಕೆ ಮನುಷ್ಯರಿಗಿಂತ ಅವರ ಬುತ್ತಿಯ ಮೇಲೆ ಆಸೆ ಹೆಚ್ಚು. ಆದಕಾರಣ ತಿಂಡಿಯ ಚೀಲವನ್ನು ಗುಡಾರದಲ್ಲಿಡದೆ ನೆಲದಿಂದ ಹನ್ನೆರಡು ಅಡಿ ಎತ್ತರಕ್ಕೆ, ಮರದ ಬೊಡ್ಡೆಯಿಂದಲೂ ದೂರವಾಗಿ ಹಗ್ಗದಿಂದ ತೂಗಿಬಿಡುವರು, ಇಲ್ಲವೆ ಕರಡಿ ತೆರೆಯಲಾರದ ಪೆಟ್ಟಿಗೆಯಲ್ಲಿಡುವರು. ರಾತ್ರಿ ಹೊಸಬರನ್ನು ನಿಜವಾಗಿ ಬೆಚ್ಚಿಸುವುದು ಲೂನ್ ಎಂಬ ನೀರುಹಕ್ಕಿ. ಕೆಂಪು ಕಣ್ಣಿನ, ಬೆನ್ನ ಮೇಲೆ ಚದುರಂಗದ ಮಣೆಯಂತೆ ಬಿಳಿ ಚುಕ್ಕೆಗಳುಳ್ಳ ಈ ಪಕ್ಷಿಯು ಕತ್ತಲೆಯಲ್ಲಿ ಯಾರೋ ಅಳುತ್ತಿರುವರೋ ಎಂಬಂತೆ ಕೂಗುವುದು. ಅದು ಯಾರಿಗೂ ಕೇಡು ಮಾಡದು.

ಕೇಡು ಬರುವುದು ಜನರು ಹೆದರದ ಕಡೆಯಿಂದ. ಸರೋವರಗಳ ಮೇಲಣ ಹಿಮವು ಒಡೆಯುವುದೇ ಏಪ್ರಿಲ್ ಕೊನೆಯಲ್ಲಿಯೋ ಮೇ ಆರಂಭದಲ್ಲಿಯೋ. ಆ ತರುವಾಯ ಕೆಲವು ವಾರಗಳ ವರೆಗೆ ಬಿಸಿಲು ಎಷ್ಟು ಹಿತವಾಗಿದ್ದರೂ ನೀರು ಕೊರೆಯುತ್ತಿರುವುದು. ದೋಣಿ ಮಗುಚಿದರೆ ಚೆನ್ನಾಗಿ ಈಜುವವರ ಕೈಕಾಲುಗಳೂ ಕೆಲವೇ ನಿಮಿಷಗಳಲ್ಲಿ ಸೋತುಹೋಗುವವು. ತೇಲುವ ಕವಚವನ್ನು ದೋಣಿಯಲ್ಲಿಟ್ಟರೆ ಸಾಲದು, ಮೈಮೇಲೆಯೇ ಕಟ್ಟಿಕೊಂಡಿರಬೇಕು. ಗಾಳಿಯೂ ಹಾಗೆಯೇ. 1999ರ ಜುಲೈ 4ರಂದು ಎದ್ದ ಬಿರುಗಾಳಿಯು ಲಕ್ಷಾಂತರ ಎಕರೆಗಳ ಮರಗಳನ್ನು ಉರುಳಿಸಿತು. ಶಿಬಿರವಾಸಿಗಳಲ್ಲಿ ಅನೇಕರಿಗೆ ಗಾಯಗಳಾದವು. 2007ರ ಮೇ ತಿಂಗಳಲ್ಲಿ ಒಂದು ಶಿಬಿರದ ಒಲೆಯಿಂದ ಹಬ್ಬಿದ ಬೆಂಕಿಯು ಎರಡು ದೇಶಗಳಲ್ಲಿಯೂ ಸೇರಿ ಸುಮಾರು 75,000 ಎಕರೆಗಳನ್ನೂ ನೂರಕ್ಕೂ ಹೆಚ್ಚು ಕಟ್ಟಡಗಳನ್ನೂ ಸುಟ್ಟಿತು. ಒಲೆಯ ಬೂದಿಗೆ ನೀರು ಹೊಯ್ದು, ಕಲಸಿ, ಅದರೊಳಗೆ ಬರಿಗೈಯನ್ನಿಟ್ಟು ತಣ್ಣಗಿದೆಯೆಂದು ನೋಡಿದ ಮೇಲೆಯೇ ಅಲ್ಲಿಂದ ಹೊರಡಬೇಕೆಂಬ ವಾಡಿಕೆಯ ಬೆಲೆಯು ಇದರಿಂದ ತಿಳಿಯುವುದು. ಈ ವಾಡಿಕೆಯು ನಮ್ಮ ಗೈಡ್ ದಳದಲ್ಲಿಯೂ ಉಂಟು. ಗುಡಾರವನ್ನು ಮಡಿಸುವ ಗಡಿಬಿಡಿಯಲ್ಲಿಯೂ ಅದನ್ನು ಬಿಡುವುದಿಲ್ಲ.

ಈ ನಾಡು ಇಂದು ಹೀಗಿರುವುದು ತಾನಾಗಿ ಅಲ್ಲ. 1920ರ ದಶಕದಲ್ಲಿ ಕಾಗದದ ಕಾರಖಾನೆಗಳ ಒಡೆಯರೊಬ್ಬರು ಗಡಿಯುದ್ದಕ್ಕೂ ಅಣೆಕಟ್ಟುಗಳನ್ನು ಕಟ್ಟಿ, ವಿದ್ಯುಚ್ಛಕ್ತಿಗಾಗಿ ಸರೋವರಗಳ ಮಟ್ಟವನ್ನೇರಿಸಲು ಹೊರಟಿದ್ದರು. 1930ರಲ್ಲಿ ಸಂಯುಕ್ತ ಸಂಸ್ಥಾನಗಳ ಶಾಸನಸಭೆಯು ಅದನ್ನು ತಡೆಯುವ ಕಾನೂನನ್ನು ಮಾಡಿತು. ಆಮೇಲೆ ನೀರಿನ ಮೇಲಿಳಿಯುವ ವಿಮಾನಗಳು ಬಂದು, ಕಾಡಿನ ನಡುಮಧ್ಯದ ವಸತಿಗೃಹಗಳಿಗೆ ಜನರನ್ನು ಇಳಿಸತೊಡಗಿದವು. 1949ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ನರು ಅಲ್ಲಿ ಸಮುದ್ರಮಟ್ಟದಿಂದ 4,000 ಅಡಿಗಿಂತ ಕೆಳಗೆ ವಿಮಾನಗಳು ಹಾರಬಾರದೆಂದು ಆಜ್ಞಾಪಿಸಿದರು. 1964ರ ಮತ್ತು 1978ರ ಕಾನೂನುಗಳು ಕಟ್ಟುಪಾಡುಗಳನ್ನು ಬಿಗಿಗೊಳಿಸಿದವು. ಯಂತ್ರದೋಣಿಗಳು ಕೆಲವೇ ಸರೋವರಗಳಿಗೆ ಸೀಮಿತವಾದವು. ಸಮೀಪದಲ್ಲಿ ತಾಮ್ರದ ಗಣಿಗಳನ್ನು ತೋಡಕೂಡದೆಂದು 2023ರಲ್ಲಿ ಸರಕಾರವು 20 ವರುಷಗಳ ಅವಧಿಗೆ ಆಜ್ಞೆ ಹೊರಡಿಸಿದಾಗ, ಅದರ ಮೇಲೂ ವಿವಾದವೆದ್ದಿತು. ಈಲಿಯಂಥ ಊರುಗಳಲ್ಲಿ ಕೆಲಸವಿಲ್ಲದವರ ವಾದವನ್ನು ತಳ್ಳಿಹಾಕುವಂತಿಲ್ಲ. ಕಾಡನ್ನು ಉಳಿಸಿದುದರ ಖರ್ಚನ್ನು ಯಾರೋ ತೆತ್ತೇ ತೆತ್ತಿರುವರು.

ಹೀಗೆ ತೆತ್ತವರಲ್ಲಿ ಒಬ್ಬ ಹೆಂಗಸಿನ ಕಥೆಯನ್ನು ನಮ್ಮ ಹುಡುಗಿಯರು ತಿಳಿದಿರಬೇಕು. ಡೊರೊತಿ ಮೋಲ್ಟರ್ ಎಂಬಾಕೆ 1907ರಲ್ಲಿ ಹುಟ್ಟಿ, ಶಿಕಾಗೋ ನಗರದಲ್ಲಿ ದಾದಿಯ ಶಿಕ್ಷಣವನ್ನು ಪಡೆದವಳು. 1930ರಲ್ಲಿ ರಜೆಗೆಂದು ಗಡಿಯ ನೈಫ್ ಸರೋವರಕ್ಕೆ ಬಂದು ಆ ಸ್ಥಳಕ್ಕೆ ಮನಸೋತು, ಕೆಲವು ವರುಷಗಳಲ್ಲಿ ಅಲ್ಲಿಯ ದ್ವೀಪವೊಂದರ ವಸತಿಗೃಹದಲ್ಲಿ ಕೆಲಸಕ್ಕೆ ನಿಂತಳು. ಅದರ ಯಜಮಾನರು 1948ರಲ್ಲಿ ತೀರಿಕೊಂಡಾಗ ಮನೆಯು ಆಕೆಗೆ ಬಂದಿತು. ರಸ್ತೆಯು ಅಲ್ಲಿಂದ ಹದಿನೈದು ಮೈಲುಗಳಾಚೆಗೆ. ಗಾಳ ಚುಚ್ಚಿಕೊಂಡವರಿಗೂ ಕಾಲು ಮುರಿದುಕೊಂಡವರಿಗೂ ಅವಳೇ ವೈದ್ಯಳು. 1952ರಲ್ಲಿ ಪತ್ರಿಕೆಯೊಂದು ಅವಳನ್ನು ಅಮೇರಿಕೆಯಲ್ಲೆಲ್ಲಾ ಅತ್ಯಂತ ಒಂಟಿಯಾದ ಹೆಂಗಸೆಂದು ವರ್ಣಿಸಿತು. ವರುಷಕ್ಕೆ ಸಾವಿರಾರು ಅತಿಥಿಗಳು ಬರುತ್ತಿದ್ದವಳನ್ನು ಕುರಿತು ಹೀಗೆ ಬರೆಯಲು ಪಟ್ಟಣದ ಪತ್ರಕರ್ತರಿಗೆ ಮಾತ್ರ ಸಾಧ್ಯ. ವಿಮಾನಗಳು ನಿಂತು ಸಾಮಾನು ಬರುವುದು ಕಷ್ಟವಾದಾಗ, ಅವಳು ಹಿಂದೆ ಉಳಿದಿದ್ದ ಸೀಸೆಗಳಲ್ಲಿ ರೂಟ್ ಬಿಯರನ್ನು ತಾನೇ ತಯಾರಿಸಿ, ಚಳಿಗಾಲದಲ್ಲಿ ಸರೋವರದಿಂದ ಕೊಯ್ದಿಟ್ಟ ಹಿಮಗಡ್ಡೆಯಲ್ಲಿ ತಣಿಸಿ, ದೋಣಿಯವರಿಗೆ ಕೊಡುತ್ತಿದ್ದಳು. ಹೆಸರನ್ನು ಕೇಳಿ ಯಾರೂ ಸಂಶಯಪಡಬೇಕಾಗಿಲ್ಲ. ಅದು ಬೇರುಗಳ ರುಚಿಯುಳ್ಳ ಸಿಹಿಯಾದ ಪಾನಕ.

1964ರ ಕಾನೂನು ಬಂದ ಮೇಲೆ ಸರಕಾರವು ಅವಳ ಆಸ್ತಿಯನ್ನು ಕೊಂಡು, ಮನೆಯನ್ನು ಬಿಡಬೇಕೆಂದಿತು. ಅವಳ ಉಪಚಾರವನ್ನು ಪಡೆದವರೂ ಪಾನಕವನ್ನು ಕುಡಿದವರೂ ಅವಳ ಪರವಾಗಿ ಮೊರೆಯಿಟ್ಟರು. ಕೊನೆಗೆ ಜೀವವಿರುವ ತನಕ ಅಲ್ಲಿಯೇ ಇರಲು ಅನುಮತಿ ಸಿಕ್ಕಿತು. ಆ ಕಾಡಿನ ಕೊನೆಯ ನಿವಾಸಿಯಾಗಿ ಅವಳು 1986ರ ಡಿಸೆಂಬರಿನಲ್ಲಿ ತೀರಿಕೊಂಡಳು. ಆ ಚಳಿಗಾಲದಲ್ಲಿ ಸ್ನೇಹಿತರು ಅವಳ ಮರದ ಮನೆಗಳನ್ನು ದಿಮ್ಮಿ ದಿಮ್ಮಿಯಾಗಿ ಬಿಚ್ಚಿ, ನಾಯಿಗಳೆಳೆಯುವ ಜಾರುಬಂಡಿಗಳಲ್ಲಿಯೂ ಹಿಮದ ಮೇಲೋಡುವ ಯಂತ್ರಗಳಲ್ಲಿಯೂ ಹೆಪ್ಪುಗಟ್ಟಿದ ಸರೋವರಗಳನ್ನು ದಾಟಿಸಿ ಈಲಿಗೆ ತಂದರು. ಅವು 1993ರಿಂದ ಒಂದು ವಸ್ತುಸಂಗ್ರಹಾಲಯವಾಗಿವೆ. ಅಲ್ಲಿಗೆ ಹೋದವರಿಗೆ ಈಗಲೂ ರೂಟ್ ಬಿಯರ್ ದೊರೆಯುವುದು.