ತಾರುಣ್ಯದ ಮೊಡವೆ ಮತ್ತು ತಂದೆತಾಯಿಗಳ ಹೊಣೆ

ಹದಿಮೂರು ಹದಿನಾಲ್ಕರ ಪ್ರಾಯಕ್ಕೆ ಬಂದ ಮಕ್ಕಳ ಮುಖದಲ್ಲಿ ಮೊಡವೆಗಳು ಏಳುವುದು ಎಲ್ಲ ಮನೆಗಳಲ್ಲಿಯೂ ಕಾಣುವ ಸಂಗತಿ. ಸಾಮಾನ್ಯವಾದುದೆಂಬ ಕಾರಣದಿಂದಲೇ ಹಿರಿಯರು ಇದನ್ನು ಲಘುವಾಗಿ ಎಣಿಸುತ್ತಾರೆ. ಆದರೆ ಆ ಮಗುವಿಗೆ ಅದು ಲಘುವಲ್ಲ. ಬಂಧುಗಳ ಮದುವೆಗೆ ಬರಲು ಒಲ್ಲೆನೆನ್ನುವುದು, ಭಾವಚಿತ್ರ ತೆಗೆಯುವಾಗ ಹಿಂದೆ ಸರಿಯುವುದು, ಶಾಲೆಯಿಂದ ಬಂದೊಡನೆ ಕೋಣೆಯ ಬಾಗಿಲು ಹಾಕಿಕೊಳ್ಳುವುದು, ಇವನ್ನೆಲ್ಲ ತಾಯಂದಿರು ನಮ್ಮ ಬಳಿ ಹೇಳಿಕೊಳ್ಳುತ್ತಾರೆ. ಚಿಕಿತ್ಸೆಗಿಂತ ಮೊದಲು ರೋಗದ ಸ್ವರೂಪವನ್ನು ಮನೆಯವರು ಅರಿತರೆ ಅರ್ಧ ಕೆಲಸ ಆದಂತೆಯೇ.

ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಸಾಲಿನಲ್ಲಿ ಇದಕ್ಕೆ ‘ಮುಖದೂಷಿಕಾ’ ಎಂಬ ಹೆಸರಿದೆ. ತರುಣರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳು ಎಂಬುದು ಅಲ್ಲಿನ ವರ್ಣನೆ. ಬೂರುಗದ ಮರದ ಬೊಡ್ಡೆಯನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ತಕ್ಕುದೆಂದು ತಿಳಿಯುತ್ತದೆ: ಬುಡ ಅಗಲ, ತುದಿ ಚೂಪು. ಕಫ, ವಾತ ಮತ್ತು ರಕ್ತ ಇವೇ ಕಾರಣಗಳೆಂದು ಆಚಾರ್ಯರು ಹೇಳಿದ್ದಾರೆ. ರಕ್ತವು ಪಿತ್ತದ ಸ್ವಭಾವಕ್ಕೆ ಹತ್ತಿರವಾದುದು ನಿಜ. ಆದರೂ ಪಿತ್ತವನ್ನು ಅಲ್ಲಿ ಪ್ರತ್ಯೇಕವಾಗಿ ಹೆಸರಿಸಿಲ್ಲ. ‘ಮೈಯಲ್ಲಿ ಉಷ್ಣ ಹೆಚ್ಚಿದೆ’ ಎಂದು ಎಳನೀರು ಕುಡಿಸಿ ಸುಮ್ಮನಾಗುವವರು ಇದನ್ನು ಗಮನಿಸಬೇಕು.

ಆಧುನಿಕ ವೈದ್ಯಶಾಸ್ತ್ರದ ವಿವರಣೆಯೂ ಇದಕ್ಕೆ ದೂರವಿಲ್ಲ. ಪ್ರಾಯಕ್ಕೆ ಬರುವಾಗ ಕೆಲವು ಹಾರ್ಮೋನುಗಳು ಹೆಚ್ಚಿ ಚರ್ಮದ ತೈಲಗ್ರಂಥಿಗಳು ಹಿಗ್ಗುತ್ತವೆ. ಅವು ಸ್ರವಿಸುವ ಜಿಡ್ಡು, ಉದುರಿದ ಚರ್ಮಕಣಗಳೊಡನೆ ಸೇರಿ ರೋಮಕೂಪದ ಬಾಯಿಯನ್ನು ಮುಚ್ಚುತ್ತದೆ. ಒಳಗೆ ಸೂಕ್ಷ್ಮಾಣುಗಳು ಬೆಳೆದು ಉರಿಯೂತ ಉಂಟಾಗುತ್ತದೆ. ಇದರಲ್ಲಿ ಕೊಳೆಯ ಪಾತ್ರವಿಲ್ಲ. ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆಯೂ ಕೊಳೆಯಲ್ಲ; ಚರ್ಮದ ವರ್ಣದ್ರವ್ಯವು ಗಾಳಿಗೆ ತಾಗಿ ಕಪ್ಪಾದುದು. ‘ಮುಖ ತೊಳೆಯುವುದಿಲ್ಲ, ಅದಕ್ಕೇ ಹೀಗೆ’ ಎಂಬ ಗದರಿಕೆಗೆ ಆಧಾರವಿಲ್ಲ. ಅದನ್ನು ನಂಬಿ ದಿನಕ್ಕೆ ಎಂಟು ಬಾರಿ ಸೋಪಿನಿಂದ ಉಜ್ಜಿಕೊಳ್ಳುವ ಮಕ್ಕಳ ಚರ್ಮ ಇನ್ನಷ್ಟು ಕೆರಳುತ್ತದೆ. ಬೆಳಗ್ಗೆ, ಸಂಜೆ ಸೌಮ್ಯವಾದ ಸೋಪು ಮತ್ತು ಉಗುರುಬೆಚ್ಚಗಿನ ನೀರು ಸಾಕು. ಹಣೆಯಂಚಿನಲ್ಲಿ ಮಾತ್ರ ಗುಳ್ಳೆಗಳಿದ್ದರೆ, ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿಯುತ್ತಿದೆಯೇ ಎಂದು ಮೊದಲು ನೋಡಿರಿ.

ನಾವು ಹೆಚ್ಚು ಆತಂಕಪಡುವುದು ಮೊಡವೆಗಲ್ಲ, ಔಷಧಿ ಅಂಗಡಿಯಿಂದ ಕೇಳಿ ತರುವ ಮುಲಾಮುಗಳಿಗೆ. ಬೆಳ್ಳಗಾಗುವುದಕ್ಕೂ ಕಲೆ ಹೋಗುವುದಕ್ಕೂ ಒಂದೇ ಟ್ಯೂಬು! ಇವುಗಳಲ್ಲಿ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಮುಂತಾದ ಸ್ಟೀರಾಯ್ಡುಗಳಿರುತ್ತವೆ. ಹಚ್ಚಿದ ವಾರದಲ್ಲಿ ಮುಖ ತಿಳಿಯಾಗುತ್ತದೆ, ಮನೆಯವರಿಗೆ ಸಂತೋಷ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿಕೊಂಡು, ಕೆನ್ನೆಯ ಮೇಲೆ ರೋಮ ಬೆಳೆದು, ಮೊದಲಿಗಿಂತ ಹೆಚ್ಚು ಗುಳ್ಳೆಗಳು ಏಳುತ್ತವೆ. ಬಿಟ್ಟೊಡನೆ ಉರಿ, ಕೆಂಪು ಮರುಕಳಿಸುವುದರಿಂದ ಮಗು ಮತ್ತೆ ಅದನ್ನೇ ಹಚ್ಚುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಮನೆಯಲ್ಲಿರುವ ಟ್ಯೂಬನ್ನು ಇಂದೇ ತಿರುವಿ ಅದರ ಮೇಲಿನ ಹೆಸರುಗಳನ್ನು ಓದಿರಿ. ಬಹುಕಾಲದಿಂದ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮರೋಗ ತಜ್ಞರನ್ನು ಕಾಣುವುದು ಒಳಿತು.

ನಿಂಬೆರಸ, ಅಡುಗೆ ಸೋಡಾ, ಹಲ್ಲುಜ್ಜುವ ಪೇಸ್ಟು, ಹಸಿ ಬೆಳ್ಳುಳ್ಳಿ, ಇವೂ ಮುಖಕ್ಕೆ ಸಲ್ಲವು. ಬೆಳ್ಳುಳ್ಳಿ ತಿಕ್ಕಿ ಸುಟ್ಟ ಗಾಯ ಮಾಡಿಕೊಂಡು ಬಂದವರನ್ನು ನಾವು ನೋಡಿದ್ದೇವೆ. ಮೊಡವೆಯನ್ನು ಹಿಸುಕುವುದರಿಂದ ಉರಿಯೂತ ಒಳಕ್ಕಿಳಿದು ಕಲೆ, ಕುಳಿಗಳು ಉಳಿಯುತ್ತವೆ.

ಸೌಮ್ಯವಾದ ಮೊಡವೆಗಳಿಗೆ ನಮ್ಮ ಗ್ರಂಥಗಳಲ್ಲಿ ಹೇಳಿದ ಲೇಪ ಸರಳವಾದುದು: ಲೋಧ್ರದ ತೊಗಟೆ, ಕೊತ್ತಂಬರಿ ಬೀಜ, ಬಜೆ. ಮೂರೂ ಗ್ರಂಥಿಗೆ ಅಂಗಡಿಯಲ್ಲಿ ದೊರೆಯುತ್ತವೆ. ಸಮಭಾಗ ನುಣ್ಣಗೆ ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಬೇಕು. ಬಜೆ ಕೆಲವರಿಗೆ ಉರಿ ತರುವುದುಂಟು. ಮೊದಲು ಮೊಳಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡಿರಿ. ಲೇಪವು ಪೂರ್ತಿ ಒಣಗುವ ಮುನ್ನವೇ ತೊಳೆಯಬೇಕು. ಬಿರಿಯುವವರೆಗೆ ಬಿಟ್ಟರೆ ಗುಣ ಹೆಚ್ಚು ಎಂಬುದು ತಪ್ಪು ಗ್ರಹಿಕೆ. ವಾರಕ್ಕೆ ಎರಡು ಸಲ ಸಾಕು. ಯಾವ ಚಿಕಿತ್ಸೆಯಾದರೂ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೊಮ್ಮೆ ಔಷಧ ಬದಲಿಸುವವರಿಗೆ ಯಾವುದೂ ಹಿಡಿಯದು.

ಆಹಾರದಲ್ಲಿ ಸಕ್ಕರೆ, ಮೈದಾ, ಬೇಕರಿ ತಿಂಡಿ, ತಂಪು ಪಾನೀಯಗಳನ್ನು ಕಡಿಮೆ ಮಾಡಿ ನೋಡಬೇಕು. ವ್ಯಾಯಾಮಶಾಲೆಗೆ ಹೋಗುವ ಹುಡುಗರು ಕುಡಿಯುವ ಹಾಲಿನ ಪ್ರೋಟೀನ್ ಪುಡಿಯಿಂದ ಕೆಲವರಿಗೆ ಮೊಡವೆ ಉಲ್ಬಣಿಸುತ್ತದೆ. ರೊಟ್ಟಿ, ಕಾಳುಪಲ್ಯ, ಸೊಪ್ಪಿಗೆ ಏನೂ ಅಡ್ಡಿಯಿಲ್ಲ. ಪಾಪ, ಶೇಂಗಾದ ಮೇಲೆ ಎಲ್ಲರಿಗೂ ಕೋಪ. ಮಗು ತಿಂದಾಗಲೆಲ್ಲ ಮೊಡವೆ ಏಳುವುದು ಕಣ್ಣಿಗೆ ಕಂಡ ಹೊರತು ಅದನ್ನು ಬಿಡಿಸುವುದು ಬೇಡ.

ಊಟಕ್ಕೆ ಕುಳಿತ ಮಗುವಿನ ಮುಖವನ್ನು ನೋಡಿ ಬಂದವರೆದುರು ಅದರ ಮಾತೆತ್ತುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಬೇಕು. ಮಗು ತಾನಾಗಿ ಕೇಳಿದಾಗ, ‘ಬಾ, ವೈದ್ಯರಿಗೆ ತೋರಿಸೋಣ’ ಎಂದರೆ ಸಾಕು. ಊಟ, ನಿದ್ರೆ, ಓದು ಎಲ್ಲವನ್ನೂ ಬಿಟ್ಟು ಮಂಕಾಗಿದ್ದರೆ ಅದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ನೋವಿನ ಗಡ್ಡೆಗಳು, ಕೀವು, ಕುಳಿಬೀಳುವ ಕಲೆಗಳು ಇದ್ದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ತಜ್ಞರ ಬಳಿಗೆ ಹೋಗಬೇಕು. ಒಮ್ಮೆ ಬಿದ್ದ ಕುಳಿಯನ್ನು ತುಂಬುವುದು ಕಷ್ಟ. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿ ಗದ್ದದ ಮೇಲೆ ಕೂದಲು ಮೂಡುತ್ತಿದ್ದರೆ ಅಂಡಾಶಯದ ತೊಂದರೆಯಿದೆಯೇ ಎಂದು ಪರೀಕ್ಷಿಸಬೇಕು. ತೀವ್ರ ಮೊಡವೆಗೆ ತಜ್ಞರು ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ ಪರಿಣಾಮಕಾರಿಯಾದುದು; ಆದರೆ ಆ ಅವಧಿಯಲ್ಲಿ ಗರ್ಭ ನಿಂತರೆ ಶಿಶುವಿಗೆ ಗಂಭೀರ ಅಂಗವೈಕಲ್ಯ ಉಂಟಾಗಬಹುದು. ಮದುವೆ ನಿಶ್ಚಯವಾದ ಹುಡುಗಿಗೆ ಮುಖ ತಿಳಿಯಾಗಲೆಂದು ಚಿಕಿತ್ಸೆ ಕೊಡಿಸುವ ತಾಯಂದಿರು ಮದುವೆಯ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ಧರಿಸಬಾರದು.